ಯಾರ ಮನೆಗೂ ಸೇರದ್ದು

"ಹುಷಾರು ಮೇಡಮ್, ಆ ಸ್ಟೂಲಿಗೆ ಒಂದು ಕಾಲು ಮೋಟು," ಎಂದರು ಹೆಡ್‌ಮಾಸ್ಟರ್ ಕೋದಂಡಪ್ಪನವರು, ತಾವು ಮಾತ್ರ ಕುರ್ಚಿ ಬಿಟ್ಟು ಏಳದೆ. ಆದಿಲಕ್ಷ್ಮಿ ಗೋಡೆಗೆ ಕೈ ಕೊಟ್ಟು ನಿಂತು, ಚಾರ್ಟಿನ ಮೇಲೆ ಕೂತಿದ್ದ ಎರಡು ವರ್ಷದ ಧೂಳನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದಂತೆಲ್ಲ ಬಣ್ಣಗಳು ಎದ್ದು ಬಂದವು. ದೊಡ್ಡದೊಂದು ವೃತ್ತ, ಅದರಲ್ಲಿ ಮೂರು ಪಾಲು. ಹಸಿರು ಬಳಿದದ್ದು ತಿಪ್ಪೆಗೆ ಹೋಗುವ ಸಗಣಿ, ಕೆಂಪು ಬಳಿದದ್ದು ಒಲೆಗೆ ಹೋಗುವ ಸಗಣಿ, ಕಪ್ಪು ಬಳಿದದ್ದು ಪೋಲು. ಕೆಳಗೆ ಅವಳದೇ ದುಂಡಗಿನ ಅಕ್ಷರದಲ್ಲಿ ‘ನಮ್ಮೂರಿನ ಜೈವಿಕ ಸಂಪತ್ತು: ದಿನಕ್ಕೆ ನಲವತ್ತು ಮಂಕರಿ ಪೋಲು’ ಎಂದು ಬರೆದಿತ್ತು.

"ಸೋಮವಾರ ಕೋಲಾರದಿಂದ ಶಿಕ್ಷಣ ಇಲಾಖೆ ಸಾಹೇಬರು ಬರೋದು ಖಂಡಿತ. ನಿಮ್ಮದೇ ಮಾದರಿ ಪಾಠ. ಅರ್ಥಶಾಸ್ತ್ರದಲ್ಲಿ ಸುಸ್ಥಿರ ಅಭಿವೃದ್ಧಿ ಅಂತ ಹೊಸದಾಗಿ ಸೇರಿಸಿದ್ದಾರಲ್ಲ, ಅದನ್ನೇ ತಗೊಳ್ಳಿ. ಚಾರ್ಟಂತೂ ಇದ್ದೇ ಇದೆ," ಎಂದು ಕೋದಂಡಪ್ಪನವರು ದನಿ ತಗ್ಗಿಸಿದರು. "ನಿಮ್ಮ ವರ್ಗಾವಣೆ ಅರ್ಜಿನೂ ಅವರ ಟೇಬಲ್ ಮೇಲೇ ಇದೆ, ಮರೀಬೇಡಿ."

ಮರೆಯುವುದೆಲ್ಲಿ ಬಂತು? ಹನ್ನೊಂದು ವರ್ಷವಾಗಿತ್ತು ಅವಳು ಈ ದಾರಿ ತುಳಿಯಲು ಶುರುಮಾಡಿ. ಬೆಳಿಗ್ಗೆ ಏಳೂವರೆಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಹತ್ತಿ, ಕ್ಯಾಸಂಬಳ್ಳಿ ದಾಟಿ ಕ್ರಾಸಿನಲ್ಲಿ ಇಳಿಯಬೇಕು. ಅಲ್ಲಿಂದ ಶಾಲೆಗೆ ಒಂದೂವರೆ ಮೈಲಿ ಮಣ್ಣು ರಸ್ತೆ. ಸಂಜೆ ಮತ್ತೆ ಅದೇ ಒಂದೂವರೆ ಮೈಲಿ. ಐದೂಕಾಲರ ಬಸ್ಸು ತಪ್ಪಿದರೆ ಇನ್ನೊಂದು ಬರುವುದು ಏಳೂವರೆಗೆ. ನಲವತ್ತೇಳು ತುಂಬಿದ ಮೇಲೆ ಅವಳ ಮಂಡಿಗಳು ಕೆಳಗೆ ಕೂತರೆ ಏಳಲು ಒಪ್ಪುತ್ತಿರಲಿಲ್ಲ, ಎದ್ದರೆ ಕೂರಲು ಒಪ್ಪುತ್ತಿರಲಿಲ್ಲ. ಗಂಡನಿಗೆ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ. ಅವನು ಮನೆಗೆ ಬರುವಾಗ ಇವಳಿಲ್ಲ, ಇವಳು ಬರುವಾಗ ಅವನಿಲ್ಲ. ಮನೆಯಿಂದ ಐದು ನಿಮಿಷದ ದಾರಿಯಲ್ಲಿದ್ದ ಹೈಸ್ಕೂಲಿನಲ್ಲಿ ಜೂನ್ ತಿಂಗಳಿಗೆ ಸಮಾಜ ವಿಜ್ಞಾನದ ಮೇಷ್ಟರೊಬ್ಬರು ನಿವೃತ್ತರಾಗುವವರಿದ್ದರು. ಆ ಜಾಗವೊಂದು ಸಿಕ್ಕಿಬಿಡಲಿ ಎಂದು ಅವಳು ಕಂಡ ಕಂಡ ದೇವರಿಗೆಲ್ಲ ಹೇಳಿಕೊಂಡಿದ್ದಳು.

"ಪಾಠ ನೀವು ಮಾಡ್ತೀರಿ ಬಿಡಿ. ಉತ್ತರ ಹೇಳೋರು ಯಾರು? ನಮ್ಮ ಹುಡುಗರು ಸಾಹೇಬರನ್ನ ಕಂಡರೆ ಬಾಯಲ್ಲಿ ನೀರು ತುಂಬಿಕೊಂಡೋರ ಥರ ನಿಂತುಬಿಡ್ತಾರೆ. ಆ ನರಸಮ್ಮ ಇದ್ದಿದ್ದರೆ ಯೋಚನೆ ಇರಲಿಲ್ಲ."

ನರಸಮ್ಮ ಹತ್ತನೆಯ ತರಗತಿಯ ಹುಡುಗಿ. ಪಬ್ಲಿಕ್ ಪರೀಕ್ಷೆಗೆ ಎರಡೇ ತಿಂಗಳು ಉಳಿದಿರುವಾಗ ಮೂರು ವಾರದಿಂದ ಶಾಲೆಯ ಕಡೆ ತಲೆ ಹಾಕಿರಲಿಲ್ಲ. "ನಾನು ಹೋಗಿ ಕರ್ಕೊಂಡು ಬರ್ತೀನಿ ಸಾರ್," ಎಂದಳು ಆದಿಲಕ್ಷ್ಮಿ. ಹಾಗೆಂದ ಮೇಲೆ, ಮೂರು ವಾರ ತಾನು ಆ ಮನೆಯ ಕಡೆ ಸುಳಿದಿರಲಿಲ್ಲವೆಂಬುದು ನೆನಪಾಗಿ ಮನಸ್ಸಿಗೆ ಕಸಿವಿಸಿಯಾಯಿತು.

ಆ ಚಾರ್ಟು ಹುಟ್ಟಿದ್ದೇ ನರಸಮ್ಮನಿಂದ. ಅವಳಾಗ ಎಂಟನೆಯ ತರಗತಿ. ಮಣ್ಣಿಂದ ಬಂದದ್ದು ಮಣ್ಣಿಗೆ ಮರಳಿದರೆ ಸಂಪತ್ತು ಮುಗಿಯುವುದಿಲ್ಲ, ಅಗೆದದ್ದು ಮಾತ್ರ ಮುಗಿಯುತ್ತದೆ ಎಂಬ ಪಾಠವನ್ನು ಬರೀ ಓದಿಸಲು ಬೇಜಾರಾಗಿ, ಆದಿಲಕ್ಷ್ಮಿ ಮಕ್ಕಳ ಕೈಗೆ ಹಾಳೆ ಕೊಟ್ಟು ದನವಿರುವ ಮನೆಗಳಿಗೆಲ್ಲ ಅಟ್ಟಿದ್ದಳು. ಮನೆಗೆ ಎಷ್ಟು ದನ, ದಿನಕ್ಕೆ ಎಷ್ಟು ಮಂಕರಿ ಸಗಣಿ, ತಿಪ್ಪೆಗೆಷ್ಟು, ಒಲೆಗೆಷ್ಟು. ಸ್ಟಾಫ್‌ರೂಮಿನಲ್ಲಿ ನಗೆಯೋ ನಗೆ. ಸಗಣಿಯವನ ಸ್ನೇಹಕ್ಕಿಂತ ಗಂಧದವನ ಜೊತೆ ಗುದ್ದಾಟ ಲೇಸು ಎಂದು ಕನ್ನಡ ಮೇಷ್ಟರು ಗಾದೆ ಎಸೆದಿದ್ದರು. ಮಕ್ಕಳೆಲ್ಲ ಅಂದಾಜಿಗೆ ಏನೋ ಗೀಚಿ ತಂದರು. ನರಸಮ್ಮ ಒಬ್ಬಳು ಮಾತ್ರ, ಬೆಳಿಗ್ಗೆ ಊರ ದನವೆಲ್ಲ ಬಂದು ಕೂಡುವ ಮಂದೆ ಬಯಲಿನ ಲೆಕ್ಕವನ್ನೂ ತಂದಿದ್ದಳು. ನಲವತ್ತು ಮಂಕರಿ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

"ಇದನ್ನ ಎಲ್ಲಿ ಬರೀಲಿ ಟೀಚರ್?" ಎಂದು ಹುಡುಗಿ ಕೇಳಿತ್ತು.

"ಯಾರ ಮನೆಗೆ ಸೇರುತ್ತೆ ಅದು?"

"ಯಾರ ಮನೆ ದನಾನೂ ಅಂತ ಇಲ್ಲ ಟೀಚರ್. ಎಲ್ಲಾರ್ದೂ ಬೆರ್ತಿರ್ತೈತೆ."

"ಯಾರ ಮನೆಗೂ ಸೇರದ್ದು ಪೋಲು. ಮೂರನೇ ಕಾಲಮ್ಮಿಗೆ ಬರಿ."

ಹುಡುಗಿ ಒಂದು ಗಳಿಗೆ ಪೆನ್ಸಿಲ್ ಕಚ್ಚಿಕೊಂಡು ನಿಂತಿತ್ತು. ಆಮೇಲೆ ಟೀಚರ್ ಹೇಳಿದ ಮೇಲೆ ಮುಗಿಯಿತು ಎನ್ನುವಂತೆ ಬರೆದುಕೊಂಡಿತು. ಬಂಗಾರಪೇಟೆಯ ವಸ್ತು ಪ್ರದರ್ಶನದಲ್ಲಿ ಚಾರ್ಟಿಗೆ ಮೊದಲನೆಯ ಬಹುಮಾನ ಬಂತು. ಹಾಲಿನ ಡೈರಿಯ ಅಧ್ಯಕ್ಷ ಸೊಣ್ಣಪ್ಪ ಚಾರ್ಟಿನ ಮುಂದೆ ಅರ್ಧ ಗಂಟೆ ನಿಂತು, ಮರುವರ್ಷವೇ ಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ತೆಗೆಸಿದ. ಕ್ಲಾಸಿನಲ್ಲಿ ಹೇಳಿದ ಪಾಠ ಊರಿನಲ್ಲಿ ಒಲೆಯಾಗಿ ಉರಿಯುವುದನ್ನು ಎಷ್ಟು ಜನ ಮೇಷ್ಟ್ರುಗಳು ಕಂಡಿದ್ದಾರೆ? ಆದಿಲಕ್ಷ್ಮಿ ಆ ನೀಲಿ ಉರಿಯನ್ನು ನೋಡಿ ಬಂದ ದಿನ ಮಂಡಿನೋವನ್ನೂ ಮರೆತಿದ್ದಳು.

ನರಸಮ್ಮನ ಮನೆ ಊರಾಚೆ, ಬಂಡೆಯ ಪಕ್ಕದಲ್ಲಿತ್ತು. ಅವಳಮ್ಮ ಮುತ್ಯಾಲಮ್ಮ ಬಂಡೆಯ ಮೇಲೆ ಬೆರಣಿ ತಟ್ಟುತ್ತಿದ್ದಳು. ಬಂಡೆಯ ತುಂಬ ಹಳೆಯ ಬೆರಣಿಗಳ ದುಂಡು ಗುರುತುಗಳಿದ್ದವು. ಹಸಿ ಬೆರಣಿ ಇದ್ದದ್ದು ಒಂದು ಮೂಲೆಯಲ್ಲಿ, ಎರಡು ಸಾಲು ಅಷ್ಟೆ.

"ಯಾಕಮ್ಮ ಮುತ್ಯಾಲಮ್ಮ, ಮಗಳನ್ನ ಕಳಿಸ್ತಿಲ್ಲ? ಪರೀಕ್ಷೆ ಹತ್ತಿರ ಬಂತು."

"ಕೂತ್ಕಳಿ ಟೀಚರಮ್ಮ," ಎಂದು ಅವಳು ಕೈಯನ್ನು ಗೋಣಿಗೆ ಒರೆಸಿಕೊಂಡಳು. "ಕಳಿಸ್ಬಾರ್ದು ಅಂತ ಏನಿಲ್ಲ. ಒಬ್ಳ ಕೈಲಿ ಆಗಾಕಿಲ್ಲ, ಅದ್ಕೇ. ಮೊದ್ಲಾದ್ರೆ ದನ ಕೂಡೋ ಒತ್ಗೆ ಮಂದೆ ಬಯಲ್ಗೆ ಓಗಿ ಸಗಣಿಗೆ ಕಡ್ಡಿ ಚುಚ್ಚಿ ಬತ್ತಿದ್ದೆ. ಅದು ಮುತ್ಯಾಲಿದು ಅಂತ ಊರ್ಗೆಲ್ಲ ಗೊತ್ತು, ಯಾರೂ ಮುಟ್ತಿರ್ಲಿಲ್ಲ. ಆಮ್ಯಾಕೆ ನಿದಾನಕ್ಕೆ ಎತ್ಕಂಡ್ ಬಂದು ತಟ್ಟಿ, ಒಣಗಿಸ್ಕಂಡು, ಬಸ್ ಮ್ಯಾಲಾಕಿ ಗಣಿ ಕೂಲಿಯೋರ ಲೈನು ಮನೆಗಳ್ಗೆ ಮಾರ್ಕಂಡ್ ಬತ್ತಿದ್ದೆ. ಈಗ ಬಯಲು ಅರಾಜಾಗೋಯ್ತಲ್ಲ."

"ಹರಾಜಾ? ಬಯಲು ಹರಾಜೇ?"

"ಬಯಲಲ್ಲ, ಸಗಣಿ. ಉಣಸೆ ಮರ ಕೂಗ್ತಾರಲ್ಲ, ಅಂಗೇ. ಸೊಣ್ಣಪ್ಪ ಕೂಗ್ಕಂಡ. ಅವ್ನ ಗುಂಡಿಗೆ ಬೇಕಂತೆ. ಓಗಿ ಕೇಳ್ದೆ, ಏನಪ್ಪಾ ಇಂಗ್ಮಾಡ್ದೆ ಅಂತ. ಇಸ್ಕೂಲ್ನಾಗೆ ಲೆಕ್ಕ ಬರ್ದವ್ರೆ ಮುತ್ಯಾಲಿ, ನಲವತ್ ಮಂಕರಿ ಪೋಲಾಗ್ತೈತೆ ಅಂತ, ಯಾರ್ದೂ ಅಲ್ದಿದ್ನ ನಾನ್ ತಕಂಡ್ರೆ ನಿಂಗ್ಯಾಕ್ ಉರಿ ಅಂದ. ನಾನೇನ್ ಓದ್ದೋಳಾ? ಬಂದ್ಬಿಟ್ಟೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ದನವಿರುವ ಮನೆಗಳಿಗೆ ಮಾತ್ರ ಹೋಗಿ ಎಂದು ಮಕ್ಕಳಿಗೆ ಹೇಳಿದ್ದವಳು ಆದಿಲಕ್ಷ್ಮಿಯೇ. ದನವಿಲ್ಲದ ಈ ಮನೆ ಹಾಳೆಯಲ್ಲಿ ಬರಲೇ ಇಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಗುವ ಸಂಗತಿ ಇನ್ನೊಂದಿತ್ತು. ಕಾಮಸಮುದ್ರದ ಆಚೆಯ ಹಳ್ಳಿಯಲ್ಲಿ ಅವಳ ಅಮ್ಮ ಮುನಿನಾರಾಯಣಮ್ಮನೂ ಹೊಂಗೆ ಕಡ್ಡಿ ಮುರಿದುಕೊಂಡು ಮುಂಜಾನೆ ದನದ ಹಿಂದೆ ಹೋಗುತ್ತಿದ್ದಳು. ಕಡ್ಡಿ ಚುಚ್ಚುವ ಕೆಲಸ ಪುಟ್ಟ ಆದಿಲಕ್ಷ್ಮಿಯದು. ಬೇರೆಯವರು ಕಡ್ಡಿ ಚುಚ್ಚಿದ್ದನ್ನು ಮುಟ್ಟಿದರೆ ಕೈಗೆ ಹುಣ್ಣಾಗುತ್ತದೆ ಎಂದು ಅಮ್ಮ ಹೆದರಿಸಿದ್ದಳು. ಅವಳ ಮೊದಲನೆಯ ಸ್ಲೇಟು ಬಂದದ್ದು ಆ ಬೆರಣಿಯಿಂದ. ಟೀಚರ್ ಟ್ರೈನಿಂಗು, ಬಿ.ಎ., ಬಸ್ಸಿನ ಪಾಸು ಎಲ್ಲ ಮೇಲೆ ಬಂದು ಕೂತು, ಕಡ್ಡಿ ಎಲ್ಲೋ ಅಡಿಗೆ ಬಿದ್ದುಹೋಗಿತ್ತು.

ಇಷ್ಟಾದರೂ ಅವಳು ಬಂದ ಕೆಲಸ ಮರೆಯಲಿಲ್ಲ. "ಸೋಮವಾರ ಒಂದು ದಿನ ಕಳಿಸಮ್ಮ. ಕೋಲಾರದಿಂದ ದೊಡ್ಡ ಸಾಹೇಬರು ಬರ್ತಾರೆ," ಎಂದಳು. ಹಾಗೆ ಕೇಳುವಾಗ ತನ್ನ ದನಿ ತನಗೇ ಹಿಡಿಸಲಿಲ್ಲ.

ಮುತ್ಯಾಲಮ್ಮ ಮಗಳ ಕಡೆ ನೋಡಿದಳು. ನರಸಮ್ಮ ಖಾಲಿ ಮಂಕರಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ದಿನಕ್ಕೆ ಎರಡು ಮಂಕರಿ ಅವ್ಳ ಪಾಲು ಟೀಚರಮ್ಮ. ಇಸ್ಕೂಲ್ಗೆ ಓಗಿಯೂ ಅದು ತುಂಬುದ್ರೆ ಸೋಮವಾರಾನೂ ಬತ್ತಾಳೆ, ಪರೀಕ್ಸೆವರ್ಗೂ ಬತ್ತಾಳೆ. ತುಂಬ್ಲಿಲ್ಲ ಅಂದ್ರೆ ಮಂಗಳವಾರ್ದಿಂದ ನನ್ ಜತೆ ಬೇತಮಂಗಲದ ರಸ್ತೆಗೆ ಸಗಣಿ ಎತ್ತಾಕೆ ಬರ್ಲಿ. ಆಮ್ಯಾಕೆ ನೀವೂ ಕೇಳ್ಬೇಡಿ, ಅವ್ಳೂ ಅಳಬಾರ್ದು."

"ಕ್ರಾಸ್ ದಾರೀಲಿ ಚುಚ್ಕಂಡ್ ಓಯ್ತೀನಮ್ಮ," ಎಂದಳು ನರಸಮ್ಮ. "ಸಾಯಂಕಾಲ ಎತ್ಕಂತೀನಿ. ದಾರಿ ಅರಾಜಾಗಿಲ್ವಲ್ಲ."

"ಮುನಿಶಾಮಿ ಗಾಡಿ ಬಂದ್ರೆ? ಸೊಣ್ಣಪ್ಪನ ಆಳು ಕಡ್ಡಿ ಗಿಡ್ಡಿ ನೋಡ್ತಾನಾ?"

"ಸೋಮವಾರ ಸಾಹೇಬ್ರು ಊಟ ಮಾಡೋದು ಸೊಣ್ಣಪ್ಪಣ್ಣನ ಮನೇಲಂತೆ. ಮುನಿಶಾಮಣ್ಣ ಅಲ್ಲೇ ನೀರು ಸೇದ್ತಿರ್ತಾನೆ. ಗಾಡಿ ಕಟ್ಟಲ್ಲ."

ಎಲ್ಲ ಲೆಕ್ಕ ಹಾಕಿಕೊಂಡಿದ್ದಳು ಹುಡುಗಿ.

ಸೋಮವಾರ ಆದಿಲಕ್ಷ್ಮಿ ಬಸ್ಸಿಳಿದಾಗ ನರಸಮ್ಮ ಕ್ರಾಸಿನ ಹೊಂಗೆ ಮರದಡಿ ನಿಂತಿದ್ದಳು. ತೊಳೆದು ಮಡಿಸಿದ ಯೂನಿಫಾರ್ಮು, ಎರಡು ಜಡೆ. ದನಗಳು ಆಗಲೇ ಗೋಮಾಳದ ಕಡೆ ಹೋಗಿದ್ದವು. ರಸ್ತೆಯ ಅಂಚಿನ ಸಗಣಿಯೊಂದಕ್ಕೆ ಎಲೆಯಿರುವ ಕಡ್ಡಿ ಚುಚ್ಚಿ, ಹುಡುಗಿ ಕೈ ಝಾಡಿಸಿಕೊಂಡಳು.

"ಇಸ್ಕೂಲ್ ಗೇಟಿಂದ ಇಲ್ಲೀವರ್ಗೆ ಇಪ್ಪತ್ತೆರಡು ಟೀಚರ್. ಎರಡ್ ಮಂಕರಿಗೆ ಸರಿಯಾಯ್ತದೆ. ಒಂದ್ ಕಮ್ಮಿ ಆದ್ರೂ ಅಮ್ಮಂಗೆ ಗೊತ್ತಾಗ್ಬಿಡ್ತದೆ."

ಮಾದರಿ ಪಾಠ ಹನ್ನೊಂದಕ್ಕೆ ಶುರುವಾಯಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಕೋದಂಡಪ್ಪನವರು, ಅವರ ಪಕ್ಕ ಬಿಳಿ ಪಂಚೆಯ ಸೊಣ್ಣಪ್ಪ. ಆದಿಲಕ್ಷ್ಮಿ ಮುಗಿಯುವ ಸಂಪತ್ತು ಯಾವುದು, ಮುಗಿಯದ ಸಂಪತ್ತು ಯಾವುದು ಎಂದು ಬೋರ್ಡಿನ ಮೇಲೆ ಬರೆದಳು. ಮುಗಿಯುವುದಕ್ಕೆ ಉದಾಹರಣೆ ಕೊಡಲು ಮಕ್ಕಳು ಕಿಟಕಿಯ ಕಡೆ ಕೈ ತೋರಿಸಿದರು. ಚಿನ್ನದ ಗಣಿಯ ಮಣ್ಣಿನ ದಿಬ್ಬ ಅಲ್ಲಿಗೆ ಕಾಣದಿದ್ದರೂ ಎಲ್ಲರಿಗೂ ಅದು ಯಾವ ದಿಕ್ಕಿಗಿದೆಯೆಂದು ಗೊತ್ತಿತ್ತು. ಪಾಠ ತನ್ನಷ್ಟಕ್ಕೆ ತಾನು ಉರುಳುತ್ತಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಬಾಯಿ ಒಂದು ಕಡೆ, ಮನಸ್ಸು ಒಂದು ಕಡೆ ಇರುವುದು ಕಷ್ಟವೇನಲ್ಲ. ಚಾರ್ಟಿನ ಹತ್ತಿರ ಬಂದಾಗ ಮಾತ್ರ ಅವಳ ಕೈಯ ಕೋಲು ಹಸಿರು ಪಾಲು ತೋರಿಸಿತು, ಕೆಂಪು ಪಾಲು ತೋರಿಸಿತು, ಅಲ್ಲಿಗೆ ನಿಂತಿತು.

"ಆ ಕಪ್ಪು ಭಾಗ ಏನು? ಯಾರಾದರೂ ಹೇಳಿ," ಎಂದರು ಸಾಹೇಬರು.

ಮಕ್ಕಳ ಬಾಯಿಗೆ ನಿಜವಾಗಿಯೂ ನೀರು ತುಂಬಿಕೊಂಡಿತು. ಮೂರನೆಯ ಬೆಂಚಿನಿಂದ ನರಸಮ್ಮ ಎದ್ದು ನಿಂತಳು. ಆದಿಲಕ್ಷ್ಮಿ ಅವಳ ಮುಖ ನೋಡಿದಳು. ಅದು ಪೋಲಲ್ಲ ಸಾರ್, ಅದು ನಮ್ಮ ಮನೆಗೆ ಸೇರಿದ್ದು ಎಂದು ಈ ಹುಡುಗಿ ಹೇಳಿಬಿಟ್ಟರೆ ಎಂದು ಭಯವಾಯಿತು. ಹೇಳಲಿ ಎಂದೂ ಅನ್ನಿಸಿತು.

"ಪೋಲು ಸಾರ್," ಎಂದಳು ನರಸಮ್ಮ, ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ. "ಯಾರ ಮನೆಗೂ ಸೇರದೆ ವ್ಯರ್ಥವಾಗುವ ಸಂಪತ್ತು. ದಿನಕ್ಕೆ ನಲವತ್ತು ಮಂಕರಿ."

"ಭೇಷ್. ಆ ಲೆಕ್ಕ ಯಾರು ಮಾಡಿದ್ದು?"

"ನಾನೇ ಸಾರ್."

"ಅಂದರೆ ಎರಡು ವರ್ಷದ ಹಿಂದಿನ ಲೆಕ್ಕ. ಈಗ ಪೋಲು ನಿಂತಿದೆಯಾ?"

"ನಿಂತಿದೆ ಸಾರ್. ಈಗ ಒಂದು ಮಂಕರಿಯೂ ಪೋಲಾಗುವುದಿಲ್ಲ."

ಸಾಹೇಬರು ಚಪ್ಪಾಳೆ ತಟ್ಟಿದರು. ಸೊಣ್ಣಪ್ಪ ತನಗೇ ತಟ್ಟಿದರೆಂಬಂತೆ ತಲೆ ಬಾಗಿಸಿದ. ನರಸಮ್ಮ ಕೂರುವ ಮೊದಲು ಟೀಚರ ಕಡೆ ನೋಡಿ, ಸರಿಯಾಗಿ ಹೇಳಿದೆನಾ ಎಂಬಂತೆ ಸಣ್ಣಗೆ ನಕ್ಕಳು. ಆದಿಲಕ್ಷ್ಮಿ ತಲೆಯಾಡಿಸಿದಳು. ಅದಕ್ಕಿಂತ ಹೆಚ್ಚಿಗೆ ಏನಾದರೂ ಮಾಡುವ ಶಕ್ತಿ ಅವಳಲ್ಲಿರಲಿಲ್ಲ. ಅವಳು ಚಾರ್ಟಿಗೆ ಬೆನ್ನು ಮಾಡಿ ಮನೆಗೆಲಸದ ಪ್ರಶ್ನೆ ಬರೆಸಿದಳು.

ಊಟ ಮುಗಿಸಿ ಜೀಪು ಹತ್ತುವ ಮುಂಚೆ ಸಾಹೇಬರು, "ಜೂನ್‌ನಲ್ಲಿ ನಿಮಗೆ ಈ ಓಡಾಟ ಇರೋದಿಲ್ಲಮ್ಮ," ಎಂದರು. ಹನ್ನೊಂದು ವರ್ಷ ಕಾದಿದ್ದ ಮಾತು. ಕೇಳಿದರೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಥ್ಯಾಂಕ್ಸ್ ಸಾರ್ ಎಂದು ಕೈ ಮುಗಿದಳು.

ಸಂಜೆ ಗಂಟೆ ಹೊಡೆದಾಗ, ಇಲ್ಲಿನ ಕಡ್ಡಿ ಅಲ್ಲಿಡದ ಕೋದಂಡಪ್ಪನವರು ಕಾಫಿ ಲೋಟ, ತಟ್ಟೆಗಳನ್ನೆಲ್ಲ ತೊಳೆದಿಟ್ಟು ಹೋಗುವಂತೆ ಹುಡುಗಿಯರಿಗೆ ಹೇಳಿದ್ದರು. ನರಸಮ್ಮ ಬಾವಿಯ ಹತ್ತಿರ ಬೂದಿ ಹಾಕಿ ತಟ್ಟೆ ಉಜ್ಜುತ್ತಿದ್ದಳು. ಆದಿಲಕ್ಷ್ಮಿ ಚೀಲ ಹೆಗಲಿಗೇರಿಸಿ ಗೇಟು ದಾಟಿದಳು. ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು.

ಗೇಟಿನಾಚೆ ಒಂಟೆತ್ತಿನ ಗಾಡಿ ನಿಂತಿತ್ತು. ಮುನಿಶಾಮಿ ಮಂಕರಿ ಹಿಡಿದು ಬಗ್ಗಿದ್ದ. ಅವನ ಕಾಲ ಹತ್ತಿರ ಒಣಗುತ್ತಿದ್ದ ಸಗಣಿ, ಅದರಲ್ಲಿ ಬಾಡಿದ ಎಲೆಯ ಹೊಂಗೆ ಕಡ್ಡಿ.

"ಸಾಹೇಬ್ರ ದೆಸೆಯಿಂದ ಬೆಳಿಗ್ಗೆ ಕೆಲ್ಸ ಸಂಜೆಗ್ ಬಂತು ಮೇಡಮ್ಮೋರೆ," ಎಂದ ಅವನು. "ಸ್ವಲ್ಪ ಆ ಕಡೆ ಸರೀರಿ, ಇದೊಂದ್ ಎತ್ಕಂಡ್ಬಿಡ್ತೀನಿ."

ಆದಿಲಕ್ಷ್ಮಿ ಸರಿಯಲಿಲ್ಲ. "ಕಡ್ಡಿ ಚುಚ್ಚೈತೆ ಅದಕ್ಕೆ," ಎಂದಳು. ಹನ್ನೊಂದು ವರ್ಷದಲ್ಲಿ ಈ ಊರಿನವರೆದುರು ಅವಳು ಅಮ್ಮನ ಕನ್ನಡ ಆಡಿದ್ದು ಅದೇ ಮೊದಲು.

"ಚುಚ್ಚಿದ್ರೇನಾಯ್ತು? ಅದೆಲ್ಲ ಅಜ್ಜೀರ ಕಾಲದ್ದು. ಯಾರ್ದೂ ಅಲ್ದಿದ್ದು ಪೋಲು ಅಂತ ನೀವೇ ಅಲ್ವಾ ಬರ್ದಿರೋದು?"

"ನಾನ್ ಬರ್ದಿದ್ದು ತಪ್ಪು ಕಣಪ್ಪ. ಅದು ಯಾರ್ದು ಅಂತ ನಂಗೊತ್ತು, ನಿಂಗೂ ಗೊತ್ತು. ಮುಟ್ಬೇಡ."

ಮುನಿಶಾಮಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಟೀಚರಮ್ಮನ ಜೊತೆ ಸಗಣಿಗಾಗಿ ಜಗಳವಾಡಿದೆ ಎಂದು ಊರಲ್ಲಿ ಹೇಳಿಕೊಳ್ಳಲಾಗುತ್ತದೆಯೇ? ನಕ್ಕು, ಎತ್ತಿನ ಹಗ್ಗ ಜಗ್ಗಿ, ಮುಂದಕ್ಕೆ ನಡೆದ. ನಾಲ್ಕು ಮಾರು ಹೋಗಿ ಅವನು ತಿರುಗಿ ನೋಡಿದಾಗ, ಅವಳು ಗಾಡಿಯ ಪಕ್ಕದಲ್ಲೇ ಬರುತ್ತಿದ್ದಳು.

ಅವನು ಕಡ್ಡಿಯಿಲ್ಲದ ಕಡೆ ನಿಂತು ಸಗಣಿ ಎತ್ತಿಕೊಂಡ. ಅವಳೂ ನಿಂತಳು. ಕಡ್ಡಿಯಿರುವ ಕಡೆ ಅವನು ಒಂದು ಗಳಿಗೆ ನಿಧಾನಿಸಿದರೆ ಅವಳು ಹೋಗಿ ಅದರ ಪಕ್ಕ ನಿಂತುಕೊಂಡಳು. ಅವಳು ಮನಸ್ಸಿನಲ್ಲೇ ಕಡ್ಡಿಗಳನ್ನು ಎಣಿಸುತ್ತ ಹೋದಳು. ಎಂಟು, ಒಂಬತ್ತು, ಹತ್ತು. ಗಾಡಿ ನಿಂತು ನಿಂತು ಹೋಗುವುದಕ್ಕೆ ಅವಳ ಮಂಡಿ ಒಳಗೊಳಗೇ ಚುಚ್ಚತೊಡಗಿತು. ಹದಿನಾಲ್ಕನೆಯದರ ಹತ್ತಿರ ಇರುವಾಗ ಕ್ರಾಸಿನ ಕಡೆಯಿಂದ ಹಾರನ್ ಕೇಳಿಸಿತು.

"ಬಸ್ ಬಂತು ಮೇಡಮ್ಮೋರೆ. ಓಡುದ್ರೆ ಸಿಗ್ತೈತೆ," ಎಂದ ಮುನಿಶಾಮಿ.

"ಓಗ್ಲಿ," ಎಂದಳು ಆದಿಲಕ್ಷ್ಮಿ.

ಬಸ್ಸು ಎಬ್ಬಿಸಿದ ಧೂಳು ಹೊಂಗೆ ಮರದ ಮೇಲೆ ಹಾದು ಹೋಯಿತು. ಹತ್ತೊಂಬತ್ತರ ಹತ್ತಿರ ಮುನಿಶಾಮಿಗೆ ಸಾಕಾಗಿರಬೇಕು. ಏನೋ ಗೊಣಗಿ, ಗಾಡಿಯನ್ನು ಕೆರೆ ಏರಿಯ ದಾರಿಗೆ ತಿರುಗಿಸಿಕೊಂಡು ಸೊಣ್ಣಪ್ಪನ ತೋಟದ ಕಡೆ ಹೊರಟುಹೋದ. ಅವಳೊಬ್ಬಳೇ ಎಣಿಸುತ್ತ ನಡೆದಳು. ಇಪ್ಪತ್ತು ಸಿಕ್ಕಿತು, ಇಪ್ಪತ್ತೊಂದು ಸಿಕ್ಕಿತು. ಕ್ರಾಸಿಗೆ ಬಂದರೂ ಇಪ್ಪತ್ತೆರಡನೆಯದು ಕಾಣಲಿಲ್ಲ. ಬೆಳಿಗ್ಗೆ ಹುಡುಗಿ ನಿಂತಿದ್ದ ಜಾಗ ನೆನಪು ಮಾಡಿಕೊಂಡು ಹುಡುಕಿದಳು. ಸಗಣಿ ಅಲ್ಲೇ ಇತ್ತು. ಬಸ್ಸಿನ ಗಾಳಿಗೋ, ಇಳಿದವರ ಕಾಲಿಗೋ ಕಡ್ಡಿ ಮುರಿದು ಬಿದ್ದಿತ್ತು.

ಶಾಲೆಯ ಕಡೆಯಿಂದ ಬರುವ ದಾರಿಯಲ್ಲಿ, ಬಹಳ ದೂರದಲ್ಲಿ, ತಲೆಯ ಮೇಲೆ ಮಂಕರಿ ಹೊತ್ತ ಸಣ್ಣ ಆಕೃತಿಯೊಂದು ಬಗ್ಗುವುದೂ ಏಳುವುದೂ ಕಾಣಿಸುತ್ತಿತ್ತು. ಆದಿಲಕ್ಷ್ಮಿ ಚೀಲವನ್ನು ಹೊಂಗೆ ಮರದ ಬೇರಿಗೆ ಒರಗಿಸಿ, ಎಟುಕುವ ಕೊಂಬೆಯಿಂದ ಎಳೆಯ ಕಡ್ಡಿಯೊಂದನ್ನು ಮುರಿದಳು. ಎಲೆ ಎರಡನ್ನು ಉಳಿಸಿ ಮಿಕ್ಕದ್ದನ್ನು ಕಿತ್ತಳು. ಆಮೇಲೆ ಒಂದು ಕೈಯನ್ನು ನೆಲಕ್ಕೆ ಊರಿ, ಒಂದೊಂದೇ ಮಂಡಿ ಮಡಿಸಿ, ರಸ್ತೆಯ ಅಂಚಿನಲ್ಲಿ ಕೂತು ಕಡ್ಡಿಯನ್ನು ನೆಟ್ಟಗೆ ಚುಚ್ಚಿದಳು.